ಕನ್ಹೇರಿಯ ಠೇವಣಿ, ಆರೇಯ ಮರ

ಇಕೋಸೈಕಾಲಜಿ ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ‘ಪರಿಸರ ಮನೋವಿಜ್ಞಾನ’ ಅಂದರೆ ಪಠ್ಯಪುಸ್ತಕದ ಹದಿನೇಳನೇ ಪಾಠದ ಹಾಗೆ ಕೇಳಿಸುತ್ತದೆ. ‘ವನಚಿಕಿತ್ಸೆ’ ಅಂದರೆ ನಾಟಿ ವೈದ್ಯರ ಬೋರ್ಡಿನ ಹಾಗೆ. ಇರಲಿ, ಹೆಸರು ಇಂಗ್ಲಿಷಿನದ್ದೇ ಇರಲಿ. ವಿಷಯ ಇಷ್ಟೇ: ಮನುಷ್ಯನ ಮನಸ್ಸು ಅವನ ತಲೆಯೊಳಗೆ ಮಾತ್ರ ಇಲ್ಲ, ಸುತ್ತಲಿನ ನೆಲ, ನೀರು, ಮರ, ಹಕ್ಕಿಗಳ ಜೊತೆಗೂ ಅದಕ್ಕೆ ನಂಟಿದೆ. ಆ ನಂಟು ಕಡಿದರೆ ಮನಸ್ಸು ಸೊರಗುತ್ತದೆ, ಕೂಡಿಸಿದರೆ ಚೇತರಿಸಿಕೊಳ್ಳುತ್ತದೆ. ಇದನ್ನು ಈಗ ಕೋರ್ಸ್ ಮಾಡಿ ಕಲಿಸುತ್ತಾರೆ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕಲಿತು ಸರ್ಟಿಫಿಕೇಟನ್ನೂ ಪಡೆಯಬಹುದು (ಕಾಡಿನ ಬಗ್ಗೆ ಕಲಿಯಲು ಕಂಪ್ಯೂಟರ್ ಮುಂದೆ ಕೂರುವುದು, ನೋಡಿ!).

ಪುಣೆಯಲ್ಲಿರುವ ನಮ್ಮಣ್ಣನ ಮಗಳು ಇಂಥದೊಂದು ಕೋರ್ಸಿಗೆ ಸೇರಿದ್ದಾಳೆ. ಮೊದಲ ಪಾಠ ಏನೆಂದರೆ, ಒಂದು ಮರದ ಹತ್ತಿರ ಹೋಗಿ, ‘ನಿನ್ನ ಪಕ್ಕ ಕೂರಬಹುದಾ’ ಎಂದು ಮನಸ್ಸಿನಲ್ಲೇ ಅನುಮತಿ ಕೇಳಿ, ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು. ‘ಚಿಕ್ಕಪ್ಪ, ನೀವು ಇಷ್ಟು ವರ್ಷದಿಂದ ಆರೇ ಕಾಲನಿಯಲ್ಲಿ ಇದನ್ನೇ ಪುಕ್ಕಟೆ ಮಾಡ್ತಾ ಇದ್ದೀರಲ್ಲ’ ಅಂತ ಫೋನಿನಲ್ಲಿ ನಕ್ಕಳು. ಅವಳ ಆ ‘ಪುಕ್ಕಟೆ’ ಅನ್ನುವ ಶಬ್ದ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಗೋರೆಗಾಂವ್ ಪೂರ್ವದಿಂದ ಶುರುವಾಗುವ ಈ ಕಾಡಿಗೆ ಮನಸ್ಸಿನ ಕಾರಣಕ್ಕಾಗಿ ಜನ ಬರಲು ತೊಡಗಿ ಎರಡು ಸಾವಿರ ವರ್ಷ ಆಯಿತು. ಅವರೆಲ್ಲ ಯಾರು, ಅವರ ಶಾಂತಿಯ ಖರ್ಚು ಯಾರ ಖಾತೆಗೆ ಬಿತ್ತು ಅಂತ ಒಮ್ಮೆ ಲೆಕ್ಕ ತೆಗೆಯೋಣ ಅನಿಸಿತು. ಬಿಕಾಂ ಓದಿ ಬ್ಯಾಂಕಿನಲ್ಲಿ ಕೂತವನಿಗೆ ಕಾಡಿನಲ್ಲೂ ಲೆಕ್ಕವೇ ಕಾಣುವುದು, ಏನು ಮಾಡೋದು.

ಮೊದಲು ಈ ವಿದ್ಯೆಯ ಜಾತಕ ನೋಡಿಬಿಡೋಣ. ಇಕೋಸೈಕಾಲಜಿ ಎಂಬ ಹೆಸರನ್ನು ಬಳಕೆಗೆ ತಂದವನು ಥಿಯೊಡೋರ್ ರೋಝಾಕ್ ಎಂಬ ಅಮೆರಿಕದವನು, 1992ರಲ್ಲಿ ಬಂದ ‘ದಿ ವಾಯ್ಸ್ ಆಫ್ ದಿ ಅರ್ತ್’ ಎಂಬ ಪುಸ್ತಕದಲ್ಲಿ. ತಮಾಷೆ ಎಂದರೆ ಆತ ಮನೋವೈದ್ಯನಲ್ಲ, ಇತಿಹಾಸದ ಮೇಷ್ಟ್ರು. ನಗರದ ಮನುಷ್ಯನ ಕಾಯಿಲೆಯನ್ನು ಬರೀ ಅವನ ಬಾಲ್ಯದಲ್ಲಿ, ಅಪ್ಪ ಅಮ್ಮನಲ್ಲಿ ಹುಡುಕಿದರೆ ಸಾಲದು, ಅವನು ಭೂಮಿಯಿಂದ ಬೇರೆಯಾದದ್ದರಲ್ಲೂ ಹುಡುಕಬೇಕು ಅನ್ನುವುದು ಅವನ ವಾದ. ಅದಕ್ಕೂ ಹತ್ತು ವರ್ಷ ಮೊದಲು, 1982ರಲ್ಲಿ, ಜಪಾನಿನ ಅರಣ್ಯ ಇಲಾಖೆ ‘ಶಿನ್‌ರಿನ್ ಯೋಕು’ ಎಂಬ ಪದ ಹೊರಡಿಸಿತ್ತು. ಅಂದರೆ ಕಾಡಿನ ಸ್ನಾನ. ನೀರಲ್ಲಿ ಮುಳುಗುವ ಹಾಗೆ ಕಾಡಿನಲ್ಲಿ ಮುಳುಗುವುದು.

ಇವೆಲ್ಲ ಭಾವನೆಯ ಮಾತು ಎನ್ನುವವರಿಗೆ ಅಂಕಿಸಂಖ್ಯೆಯೂ ಇದೆ. ರೋಜರ್ ಉಲ್ರಿಚ್ ಎಂಬಾತ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ಹಳೇ ದಾಖಲೆ ತೆಗೆದು ನೋಡಿದ. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರು ಕೇಳಿದ ಬಲವಾದ ನೋವಿನ ಮಾತ್ರೆಗಳೂ ಕಡಿಮೆ. 2019ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನ, ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಸಂಭವ ಹೆಚ್ಚು ಅಂದಿತು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಹೊರಗೆ ತಿರುಗುತ್ತಾರಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. ಆದರೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ.

ನಮ್ಮಂಥ ಊರು ಬಿಟ್ಟವರಿಗೆ ಹೆಚ್ಚು ತಾಗುವ ಶಬ್ದ ಬೇರೆ ಎರಡಿವೆ. ಒಂದು ನಾಸ್ಟಾಲ್ಜಿಯಾ. ಇವತ್ತು ಹಳೇ ಹಾಡು ಕೇಳಿದರೂ ನಾಸ್ಟಾಲ್ಜಿಯಾ ಅನ್ನುತ್ತೇವೆ, ಆದರೆ ಅದು ಹುಟ್ಟಿದ್ದು ರೋಗದ ಹೆಸರಾಗಿ. 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ, ಊರಿನಿಂದ ದೂರ ಹೋದವರು ಊಟ ಬಿಟ್ಟು, ನಿದ್ದೆ ಬಿಟ್ಟು ಕೃಶವಾಗುವ ಕಾಯಿಲೆಗೆ ಈ ಹೆಸರಿಟ್ಟ. ಮದ್ದು? ಊರಿಗೆ ವಾಪಸು ಕಳಿಸುವುದು! ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಕರಾವಳಿಯ ಹುಡುಗರಿಗೆ ಯಾರೂ ಈ ಚೀಟಿ ಬರೆದುಕೊಡಲಿಲ್ಲ. ಎರಡನೆಯದು ಸೊಲಾಸ್ಟಾಲ್ಜಿಯಾ. ಗ್ಲೆನ್ ಆಲ್ಬ್ರೆಕ್ಟ್ ಎಂಬ ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ 2003ರಲ್ಲಿ ಕಟ್ಟಿದ ಪದ. ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲ ಗಣಿಗಳು ಬಂದು ತಮ್ಮ ಸುತ್ತಲಿನ ನೆಲವನ್ನೇ ಅಗೆದುಹಾಕಿದಾಗ, ಮನೆ ಬಿಟ್ಟು ಎಲ್ಲೂ ಹೋಗದೆ ಇದ್ದವರಿಗೂ ಊರು ಕಳಕೊಂಡಂತೆ ಆಗುವ ನೋವು ಅದು. ನಾವು ಊರು ಬಿಟ್ಟು ಬಂದೆವು. ಅವರನ್ನು ಊರೇ ಬಿಟ್ಟುಹೋಯಿತು.

ಮುಂಬಯಿ ಕನ್ನಡದಲ್ಲಿ ಈ ಮನಸ್ಸಿನ ಕಥೆ ಬರೆದವರು ಯಶವಂತ ಚಿತ್ತಾಲರು. 1979ರ ‘ಶಿಕಾರಿ’ಯ ನಾಗಪ್ಪನಿಗೆ ಈ ನಗರದಲ್ಲಿ ಆಗುವ ದಿಗಿಲಿಗೆ ಯಾವ ಥೆರಪಿಸ್ಟ್ ಏನು ಹೆಸರಿಡುತ್ತಿದ್ದನೋ. ಬಾಂದ್ರಾದ ಸಮುದ್ರದೆದುರು ಕೂತು ಬರೆದರೂ ಅವರ ಕಥೆಗಳಲ್ಲಿ ಉತ್ತರ ಕನ್ನಡದ ಹನೇಹಳ್ಳಿ ಮತ್ತೆ ಮತ್ತೆ ಬಂತು. ಅದು ಬೇರೆಯೇ ಲೇಖನ, ಬಿಡಿ.

ಈಗ ನಮ್ಮ ಕಾಡಿಗೆ ಬರೋಣ. ಗೋರೆಗಾಂವ್ ಸ್ಟೇಷನ್ನಿನ ಪೂರ್ವಕ್ಕೆ ಹೈವೇ ದಾಟಿದರೆ ಆರೇ ಕಾಲನಿ, ಅದರ ಮಗ್ಗುಲಲ್ಲಿ ಫಿಲ್ಮ್ ಸಿಟಿ. ಅಲ್ಲಿಂದ ಉತ್ತರಕ್ಕೆ ಸುಮಾರು 104 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ. ಈಗ ಅದಕ್ಕೆ ಸಂಜಯ್ ಗಾಂಧಿ ಹೆಸರಿದೆ, ಹಿಂದೊಮ್ಮೆ ಕೃಷ್ಣಗಿರಿ ಪಾರ್ಕ್ ಅನ್ನುತ್ತಿದ್ದರು. ಕೃಷ್ಣಗಿರಿ ಅಂದರೆ ಕರಿಯ ಬೆಟ್ಟ. ಅದೇ ಪ್ರಾಕೃತದ ಬಾಯಲ್ಲಿ ಕಣ್ಹಗಿರಿಯಾಗಿ ಈಗ ಕನ್ಹೇರಿ. ಆ ಕರಿಕಲ್ಲಿನಲ್ಲಿ ಕ್ರಿಸ್ತಪೂರ್ವ ಒಂದನೇ ಶತಮಾನದ ಸುಮಾರಿಗೆ ಶುರುವಾಗಿ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಗುಹೆ ಕೊರೆಯಿಸುತ್ತಾ ಹೋದರು. ನೂರಕ್ಕೂ ಹೆಚ್ಚು ಗುಹೆಗಳು. ಬಹಳಷ್ಟು ಗುಹೆಗಳ ವಿನ್ಯಾಸ ಒಂದೇ: ಒಂದು ಚಿಕ್ಕ ಕೋಣೆ, ಮಲಗಲು ಕಲ್ಲಿನ ಹಾಸು, ಹೊರಗೆ ಜಗಲಿಯಲ್ಲಿ ಕೂರಲು ಕಲ್ಲಿನ ಬೆಂಚು, ಪಕ್ಕದಲ್ಲಿ ನೀರಿನ ತೊಟ್ಟಿ. ಬಂಡೆಯ ಮೇಲೆ ಬಿದ್ದ ಮಳೆ ವ್ಯರ್ಥವಾಗದೆ ಸಣ್ಣ ಕಾಲುವೆಗಳಲ್ಲಿ ಹರಿದು ಈ ತೊಟ್ಟಿ ತುಂಬುವ ಹಾಗೆ ಮಾಡಿದ್ದಾರೆ. ಜುಲೈ ತಿಂಗಳಲ್ಲಿ ಆ ಬೆಂಚಿನ ಮೇಲೆ ಕೂತು ನೋಡಿ. ಎದುರಿಗೆ ಮಳೆ, ಹಸಿರು, ಝರಿಯ ಸದ್ದು. ಧ್ಯಾನ ಬಾರದವನಿಗೂ ಬಾಯಿ ಮುಚ್ಚುತ್ತದೆ.

ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ತಿರುಗಾಟ ನಿಲ್ಲಿಸಿ ಒಂದೇ ಕಡೆ ನೆಲೆ ನಿಲ್ಲಬೇಕು, ಅದಕ್ಕೆ ವರ್ಷಾವಾಸ ಎಂದು ಹೆಸರು. ನಮ್ಮ ಉಡುಪಿಯ ಯತಿಗಳ ಚಾತುರ್ಮಾಸ್ಯ ಇದ್ದ ಹಾಗೆ. ಸರಿ, ಕಾಡಿನಲ್ಲಿ ಕೂತ ಭಿಕ್ಷುವಿಗೆ ಬಟ್ಟೆ ಎಲ್ಲಿಂದ? ಊಟ ಎಲ್ಲಿಂದ? ಇಲ್ಲೇ ನನ್ನಂಥವನಿಗೆ ಕುತೂಹಲ. ಕನ್ಹೇರಿಯ ಶಾಸನಗಳಲ್ಲಿ ಕಲ್ಯಾಣ, ಸೋಪಾರ ಮುಂತಾದ ಬಂದರು ಪೇಟೆಗಳ ವ್ಯಾಪಾರಿಗಳ ಹೆಸರುಗಳಿವೆ, ‘ಅಕ್ಷಯನೀವಿ’ ಎಂಬ ಶಬ್ದವಿದೆ. ಅಂದರೆ ಅಸಲು ಮುಟ್ಟದೆ ಬಡ್ಡಿ ಮಾತ್ರ ಉಣ್ಣುವ ಶಾಶ್ವತ ಠೇವಣಿ. ಅದರ ಕೆಲಸ ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ನಾಸಿಕದ ಗುಹೆಯೊಂದರ ಶಾಸನ ನೋಡಬೇಕು, ಅಲ್ಲಿ ಪೂರ್ತಿ ಲೆಕ್ಕ ಕೊಟ್ಟಿದ್ದಾರೆ. ಎರಡನೇ ಶತಮಾನದಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತ ನೇಕಾರರ ಎರಡು ಶ್ರೇಣಿಗಳಲ್ಲಿ 3,000 ಕಾರ್ಷಾಪಣ ಇಟ್ಟ. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, ಉಳಿದ 1,000ಕ್ಕೆ ತಿಂಗಳಿಗೆ ಮುಕ್ಕಾಲು ಬಡ್ಡಿ. ಮೊದಲನೆಯ ಬಡ್ಡಿಯಿಂದ ಅಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣದ ಬಟ್ಟೆ. ಲೆಕ್ಕ ಹಾಕಿ ನೋಡಿ: 20 ಗುಣಿಲೆ 12 ಅಂದರೆ 240, 2,000ಕ್ಕೆ ವರ್ಷಕ್ಕೆ ಶೇಕಡಾ 12ರ ಬಡ್ಡಿಯೂ 240. ಒಂದು ಪೈಸೆ ಅತ್ತಿತ್ತ ಇಲ್ಲ! ನಮ್ಮ ಆಡಿಟರು ಇದ್ದರೆ ಟಿಕ್ ಹಾಕಿ ಮುಂದೆ ಹೋಗುತ್ತಿದ್ದರು.

ಕನ್ನಡಿಗರಿಗೆ ಸಂತೋಷದ ಸಂಗತಿ ಇನ್ನೊಂದಿದೆ. ಕನ್ಹೇರಿಯಲ್ಲಿ ಒಂಬತ್ತನೇ ಶತಮಾನದ ಮೂರು ಸಂಸ್ಕೃತ ಶಾಸನಗಳಿವೆ, ಶಕ 765ರಿಂದ 799ರವರೆಗಿನವು, ಅಂದರೆ ಸುಮಾರು ಕ್ರಿ.ಶ. 843ರಿಂದ 877. ಆಗ ಕೊಂಕಣ ಆಳುತ್ತಿದ್ದವರು ಶಿಲಾಹಾರರು. ಅವರ ದೊರೆ ಯಾರು? ಮಾನ್ಯಖೇಟದ ಅಮೋಘವರ್ಷ ನೃಪತುಂಗ! ‘ಕವಿರಾಜಮಾರ್ಗ’ ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ದೊರೆಯ ಹೆಸರು ಬೋರಿವಲಿಯ ಕಾಡಿನ ಬಂಡೆಯ ಮೇಲಿದೆ. ನಮ್ಮಲ್ಲಿ ರಾಜ್ಯೋತ್ಸವದ ಭಾಷಣಗಳಲ್ಲಿ ಕಾವೇರಿ-ಗೋದಾವರಿ ಎಷ್ಟು ಸಲ ಬರುತ್ತದೆ, ಇದು ಮಾತ್ರ ಬರುವುದಿಲ್ಲ. ಆ ಶಾಸನಗಳಲ್ಲಿ ಒಂದರಲ್ಲಿ ಗೌಡದೇಶದಿಂದ, ಅಂದರೆ ಬಂಗಾಳದಿಂದ, ಬಂದ ಅವಿಘ್ನಾಕರ ಎಂಬವನು ಧ್ಯಾನಕ್ಕೆ ತಕ್ಕ ಕೋಣೆಗಳನ್ನು ಮಾಡಿಸಿ, ಭಿಕ್ಷುಗಳ ಬಟ್ಟೆಗಾಗಿ 100 ದ್ರಮ್ಮ ಠೇವಣಿ ಇಟ್ಟ ಮಾತಿದೆ. ಇನ್ನೊಂದರಲ್ಲಿ ಅಮಾತ್ಯನೊಬ್ಬ ಪೂಜೆಗೆ ಇಷ್ಟು, ರಿಪೇರಿಗೆ ಇಷ್ಟು, ಬಟ್ಟೆಗೆ ಇಷ್ಟು ಎಂದು ಹಂಚಿ, ಪುಸ್ತಕಕ್ಕೆ ಒಂದೇ ಒಂದು ದ್ರಮ್ಮ ಇಟ್ಟಿದ್ದಾನೆ. ಲೈಬ್ರರಿ ಬಜೆಟ್ ಆಗಲೂ ಅಷ್ಟೇ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ‘ಕಾಡಿಗೆ ಹೋಗಿ ಶಾಂತಿ ಪಡೆ’ ಅನ್ನುವವರು ಅದನ್ನು ಒಬ್ಬೊಂಟಿ ಮನುಷ್ಯನ ಮತ್ತು ಮರದ ನಡುವಿನ ವ್ಯವಹಾರ ಅಂದುಕೊಂಡಿದ್ದಾರೆ. ಅಕ್ಕಮಹಾದೇವಿಯಂಥವರು ಎಲ್ಲ ಬಿಟ್ಟು ಶ್ರೀಶೈಲದ ಕದಳಿಗೆ ನಡೆದರು, ಆ ಧೈರ್ಯ ಲಕ್ಷಕ್ಕೊಬ್ಬರಿಗೆ. ಉಳಿದವರ ಏಕಾಂತದ ಹಿಂದೆ ಯಾರೋ ನೇಯುವವರು, ಯಾರೋ ಠೇವಣಿ ಇಡುವವರು, ಯಾರೋ ತೊಟ್ಟಿ ಕೊರೆಯುವವರು ಇದ್ದೇ ಇದ್ದಾರೆ. ಕನ್ಹೇರಿಯವರು ಅದನ್ನು ಮುಚ್ಚಿಡಲಿಲ್ಲ, ಕಲ್ಲಿನಲ್ಲಿ ಬರೆದಿಟ್ಟರು.

ಹನ್ನೊಂದನೇ ಶತಮಾನದ ಹೊತ್ತಿಗೆ ಭಿಕ್ಷುಗಳ ಕಾಲ ಮುಗಿಯುತ್ತಾ ಬಂತು. ಆಗ ಬಂದ ಹೊಸ ಬಗೆಯ ಜನರೂ ಗುರುತು ಬಿಟ್ಟಿದ್ದಾರೆ. 90ನೇ ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದುಹೋದ ಪಾರ್ಸಿಗಳು ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಕೆತ್ತಿದ್ದಾರೆ. ನಮ್ಮವರು ಐತಿಹಾಸಿಕ ಸ್ಥಳಗಳಲ್ಲಿ ಮೊಳೆಯಿಂದ ಹೆಸರು ಗೀಚುವುದನ್ನು ಬೈಯುವಾಗ ನನಗೆ ಇದು ನೆನಪಾಗುತ್ತದೆ. ಸಾವಿರ ವರ್ಷ ತಡೆದರೆ ಅದೂ ಶಾಸನ!

ಮುಂದಿನ ಎಂಟುನೂರು ವರ್ಷ ಹಾರಿಸಿಬಿಡೋಣ. ಮುಂಬಯಿ ಬೆಳೆದರೂ ಈ ಕಾಡು ಉಳಿದದ್ದು ಯಾರ ಮನಶ್ಶಾಂತಿಗಾಗಿಯೂ ಅಲ್ಲ, ಕುಡಿಯುವ ನೀರಿಗಾಗಿ. 1860ರಲ್ಲಿ ವಿಹಾರ್ ಕೆರೆ, 1879ರಲ್ಲಿ ತುಳಸಿ ಕೆರೆ ಕಟ್ಟಿದರು. ಕೆರೆಗೆ ಮಳೆನೀರು ಹರಿದು ಬರುವ ಗುಡ್ಡಗಳನ್ನು ಬೋಳಿಸುವಂತಿರಲಿಲ್ಲ. ಆರೇಯ ಕಥೆ ಹಾಲಿನದು. ನಗರದೊಳಗಿನ ಗಲೀಜು ತಬೇಲಗಳಿಂದ ಎಮ್ಮೆಗಳನ್ನು ಹೊರಗೆ ತರಲು 1949ರಲ್ಲಿ ಸುಮಾರು 3,160 ಎಕರೆಯಲ್ಲಿ ಆರೇ ಮಿಲ್ಕ್ ಕಾಲನಿ ಶುರುಮಾಡಿದವರು ದಾರಾ ಖುರೋಡಿ, ಅವರೂ ಪಾರ್ಸಿ. ಅಲ್ಲಿ ಸುಮಾರು 16 ಸಾವಿರ ದನ ಎಮ್ಮೆಗಳಿಗೆ ಜಾಗ. 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಖುರೋಡಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕುರಿಯನ್ ಹೆಸರು ಎಲ್ಲರಿಗೂ ಗೊತ್ತು, ಖುರೋಡಿಯನ್ನು ಆರೇಯಲ್ಲೇ ಓಡಾಡುವವರೂ ಮರೆತಿದ್ದಾರೆ. ಹಾಲಿನ ಲೆಕ್ಕದಲ್ಲಿ ಹಿಡಿದಿಟ್ಟ ಜಾಗ ನಮಗೆ ಗಾಳಿಯ ಲೆಕ್ಕದಲ್ಲಿ ಸಿಕ್ಕಿತು. ಬೆಳಗಿನ ಜಾವ ವಾಕಿಂಗ್ ಹೋಗುವ ಗೋರೆಗಾಂವಿನ ಗುಜರಾತಿಗಳು, ಮರಾಠಿಗರು, ನಾವು ಕನ್ನಡ-ತುಳುವಿನವರು ಯಾರೂ ಅದನ್ನು ಥೆರಪಿ ಅನ್ನಲಿಲ್ಲ. ‘ಶುಗರ್ ಕಂಟ್ರೋಲಿಗೆ’ ಅಂದೆವು. ಆದರೆ ವಿರಾರ್ ಲೋಕಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ಹೋಗಿ ಬರುವವನಿಗೆ ಆ ಒಂದು ಗಂಟೆ ಏನು ಎಂದು ಹೋಗುವವನಿಗೇ ಗೊತ್ತು. ಹಕ್ಕಿ ಚಿಟ್ಟೆಗಳನ್ನು ಸರಿಯಾಗಿ ಕಲಿಯಬೇಕೆನ್ನುವವರಿಗೆ ಫಿಲ್ಮ್ ಸಿಟಿಯ ಹತ್ತಿರವೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ 33 ಎಕರೆಯ ಕೇಂದ್ರವಿದೆ. ಸೊಸೈಟಿ 1883ರದ್ದು, ಸಲೀಂ ಅಲಿಯವರು ಬೆಳೆದ ಮನೆ.

ಈ ಎಲ್ಲರಿಗಿಂತ ಮೊದಲಿನಿಂದ ಆ ಗುಡ್ಡಗಳಲ್ಲಿ ಇರುವವರು ವಾರ್ಲಿ ಮೊದಲಾದ ಆದಿವಾಸಿಗಳು. ಆರೇಯಲ್ಲಿ ಅವರ 27 ಪಾಡಾಗಳಿವೆ ಎಂದು ಲೆಕ್ಕ. ಅವರ ದೇವರು ವಾಘೋಬಾ, ಹುಲಿ-ಚಿರತೆಯ ರೂಪದವನು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮುಂಬಯಿ ಉಪನಗರ, ಠಾಣೆ, ಪಾಲ್ಘರ್ ಜಿಲ್ಲೆಗಳಲ್ಲಿ ಸುಮಾರು 150 ವಾಘೋಬಾ ಗುಡಿಗಳನ್ನು ಗುರುತಿಸಿದೆ. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ವಾಘಬಾರಸಿನಂದು ಪೂಜೆ ಸಲ್ಲಬೇಕು, ಅವನು ದನಕರು ಕಾಯಬೇಕು. ಕೊಡುವುದು, ಪಡೆಯುವುದು ಎರಡೂ ಇರುವ ಕರಾರು. ನಮ್ಮ ತುಳುನಾಡಿನ ಪಿಲಿಚಾಮುಂಡಿಯ ಭಂಡಾರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಕಾಡು ಔಷಧದ ಅಂಗಡಿಯಲ್ಲ. ಹೆದರಿಕೆಯೂ ಇದೆ, ನೆರೆಹೊರೆಯೂ ಇದೆ. ಪುಸ್ತಕದ ಇಕೋಸೈಕಾಲಜಿಯಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ‘ನನಗೆ ಏನು ಸಿಕ್ಕಿತು’ ಅನ್ನುವ ಕಾಲಂ ಇದೆ, ‘ನಾನು ಏನು ಕೊಡಬೇಕು’ ಅನ್ನುವ ಕಾಲಂ ಹೆಚ್ಚಾಗಿ ಖಾಲಿ.

ನಾವು ಊರಿನವರೂ ಬೀಗಬೇಕಾಗಿಲ್ಲ. ನಾಗಬನ ಅಂದರೆ ಕತ್ತಿ ತಾಗಿಸಬಾರದ ಕಾಡು. ಈಗ ಊರಿಗೆ ಹೋಗಿ ನೋಡಿ: ಎಷ್ಟೋ ಕಡೆ ಬನ ಹೋಗಿ ಕಾಂಕ್ರೀಟು ಕಟ್ಟೆ, ಟೈಲ್ಸು, ಸ್ಟೀಲಿನ ರೇಲಿಂಗ್, ಗೋಡೆಯ ಮೇಲೆ ದಾನಿಗಳ ಹೆಸರು. ಆ ಹೆಸರುಗಳ ಮುಂದೆ ಬಹಳ ಸಲ ‘ಮುಂಬಯಿ’ ಎಂದೇ ಇರುತ್ತದೆ. ಕನ್ಹೇರಿಯ ವ್ಯಾಪಾರಿಗಳು ಕಲ್ಲಿನಲ್ಲಿ ಹೆಸರು ಬರೆಸಿ ಕಾಡನ್ನು ಹಾಗೇ ಬಿಟ್ಟಿದ್ದರು.

ಕಾಡನ್ನು ಉಳಿಸುವ ಹೆಸರಿನಲ್ಲೂ ಲೆಕ್ಕ ಒಬ್ಬರ ಮೇಲೇ ಬೀಳುತ್ತದೆ. 1997ರಲ್ಲಿ ಬಾಂಬೆ ಹೈಕೋರ್ಟ್ ರಾಷ್ಟ್ರೀಯ ಉದ್ಯಾನದ ಒತ್ತುವರಿ ತೆರವು ಮಾಡಲು ಆದೇಶ ಕೊಟ್ಟಿತು. 1995ಕ್ಕೆ ಮೊದಲಿನಿಂದ ಇದ್ದೇವೆ ಎಂದು ದಾಖಲೆ ತೋರಿಸಿದ ಕುಟುಂಬ 7,000 ರೂಪಾಯಿ ಕಟ್ಟಿದರೆ ಬೇರೆ ಕಡೆ ಜಾಗ. ಉಳಿದವರ ಗುಡಿಸಲಿಗೆ ಬುಲ್ಡೋಜರ್. ಕಾಡು ಉಳಿಯಬೇಕು, ಸರಿ. ಆದರೆ ಆ ಗುಡಿಸಲುಗಳಲ್ಲಿ ಇದ್ದವರು ನಮ್ಮ ಬಿಲ್ಡಿಂಗುಗಳಲ್ಲಿ ಪಾತ್ರೆ ತೊಳೆಯುವವರು, ವಾಚ್‌ಮನ್‌ಗಳು. ಉದ್ಯಾನದ ಗೋಡೆಗೆ ತಾಗಿ ಎದ್ದ ಟವರುಗಳ ಜಾಹೀರಾತಿನಲ್ಲಿ ‘ಫಾರೆಸ್ಟ್ ವ್ಯೂ’ ಅಂತ ಬರೆದು ಚದರಡಿಗೆ ರೇಟು ಏರಿಸಿದವರ ಮೇಲೆ ಯಾವ ವೆಚ್ಚವೂ ಬೀಳಲಿಲ್ಲ. ಉಲ್ರಿಚ್‌ನ ಕಿಟಕಿಗೆ ಇಲ್ಲಿ ಒಳ್ಳೇ ಮಾರ್ಕೆಟ್ ಇದೆ.

ಆಮೇಲೆ 2019. ಮೆಟ್ರೋ ಮೂರನೇ ಮಾರ್ಗದ ಕಾರ್ ಶೆಡ್ಡಿಗೆ ಆರೇಯ ಜಾಗ ಬೇಕಿತ್ತು. ಅಕ್ಟೋಬರ್ 4ರಂದು ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು, ಅದೇ ರಾತ್ರಿ ಗರಗಸ ಶುರುವಾಯಿತು. ಸುದ್ದಿ ಕೇಳಿ ಓಡಿಬಂದವರಲ್ಲಿ ಕಾಲೇಜು ಹುಡುಗರು, ವಾಕಿಂಗಿನವರು, ಪಾಡಾದವರು ಎಲ್ಲ ಇದ್ದರು. ಸೆಕ್ಷನ್ 144 ಹಾಕಿದರು, 29 ಜನರನ್ನು ಬಂಧಿಸಿದರು. 7ರಂದು ಸುಪ್ರೀಂ ಕೋರ್ಟ್ ಇನ್ನು ಕಡಿಯಬೇಡಿ ಅಂದಿತು. ಅಷ್ಟರಲ್ಲಿ 2,141 ಮರ ಬಿದ್ದಿದ್ದವು. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಮೂರ್ತಿ ಮಾಡಲು ಮರ ಕಡಿಯುವ ಕ್ರಮ ಹೇಳಿದ್ದಾರೆ: ಮೊದಲು ಪೂಜೆ ಸಲ್ಲಿಸಿ, ಈ ಮರದಲ್ಲಿ ವಾಸವಿರುವ ಜೀವಗಳೇ, ಬೇರೆ ಕಡೆ ಬಿಡಾರ ಮಾಡಿಕೊಳ್ಳಿ, ಕ್ಷಮಿಸಿ ಎಂದು ಬೇಡಿ, ಬೆಳಗಾದ ಮೇಲೆ ಕೊಡಲಿ ಹಾಕಬೇಕು. ಒಂದೂವರೆ ಸಾವಿರ ವರ್ಷದ ಹಿಂದೆ ಒಂದು ಮರಕ್ಕೆ ಒಂದು ರಾತ್ರಿಯ ನೋಟೀಸ್ ಇತ್ತು.

ಆ ವಾರ ನಮ್ಮ ವಾಕಿಂಗ್ ಗುಂಪಿನ ಅರವತ್ತು ದಾಟಿದ ಮನುಷ್ಯರು, ಶೇರು ಮಾರ್ಕೆಟ್ ಬಿಟ್ಟು ಬೇರೆ ಮಾತಾಡದವರು, ದಾರಿ ಬದಿಯಲ್ಲಿ ಸುಮ್ಮನೆ ನಿಂತದ್ದನ್ನು ಕಂಡೆ. ಊರು ಬಿಟ್ಟು ಬಂದವರಿಗೆ ಇಲ್ಲಿ ಇನ್ನೊಂದು ಊರು ಆಗಿತ್ತು ಅನ್ನುವುದು ಅದು ಹೋದಾಗ ತಿಳಿಯಿತು. ಆಸ್ಟ್ರೇಲಿಯಾದ ಆ ಉದ್ದ ಶಬ್ದ ನಮಗೆ ಆಗ ಗೊತ್ತಿರಲಿಲ್ಲ.

ಇನ್ನೊಂದು ಬದಿಯನ್ನೂ ಹೇಳದೆ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. 2020ರಲ್ಲಿ ಆಗಿನ ಸರ್ಕಾರ ಆರೇಯ 800 ಎಕರೆಯನ್ನು ಅರಣ್ಯವೆಂದು ಕಾಯ್ದಿಡುವುದಾಗಿ, ಶೆಡ್ಡನ್ನು ಕಾಂಜೂರ್‌ಮಾರ್ಗಕ್ಕೆ ಒಯ್ಯುವುದಾಗಿ ಘೋಷಿಸಿತು. 2022ರಲ್ಲಿ ಸರ್ಕಾರ ಬದಲಾಯಿತು, ಶೆಡ್ಡು ಆರೇಗೇ ವಾಪಸು ಬಂತು. 2024ರ ಅಕ್ಟೋಬರ್ 5ರಂದು ಆರೇಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ವರೆಗೆ ಮೆಟ್ರೋ ಉದ್ಘಾಟನೆಯಾಯಿತು, ಮರ ಕಡಿದು ಸರಿಯಾಗಿ ಐದು ವರ್ಷಕ್ಕೆ. 2025ರಲ್ಲಿ ಕಫ್ ಪರೇಡ್ ತನಕ ಪೂರ್ತಿಯಾಯಿತು. ತಣ್ಣಗಿನ ಡಬ್ಬಿಯಲ್ಲಿ ಸೀಟು ಸಿಕ್ಕಿ, ಯಾರ ಮೊಣಕೈಯೂ ಪಕ್ಕೆಗೆ ತಿವಿಯದೆ ಆಫೀಸು ತಲುಪಿದ ಗುಮಾಸ್ತೆಯ ಮನಸ್ಸಿಗೂ ಒಂದು ನೆಮ್ಮದಿ ಇದೆ, ಅದು ಸಣ್ಣದಲ್ಲ. ಅವಳಿಗೆ ಮರ ಬೇಡವೆಂದಲ್ಲ. ಅವಳಿಗೆ ವಾಕಿಂಗಿಗೆ ಬಿಡುವೇ ಇರಲಿಲ್ಲ. ಹಾಗಂತ ಶೆಡ್ಡಿಗೆ ಬೇರೆ ಜಾಗವೇ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೇರೆ ಜಾಗಕ್ಕೆ ದುಡ್ಡು ಕೊಡಬೇಕಿತ್ತು, ಕಾಡಿನ ಜಾಗಕ್ಕೆ ಬೇಕಾಗಿರಲಿಲ್ಲ. ಬ್ಯಾಂಕಿನವನಿಗೆ ಅರ್ಥವಾಗುವುದು ಇಷ್ಟು: ಲೆಡ್ಜರಿನಲ್ಲಿ ಬೆಲೆ ಬರೆಯದ ಆಸ್ತಿಯನ್ನು ಎಲ್ಲರೂ ಮೊದಲು ಮಾರುತ್ತಾರೆ.

ಅಣ್ಣನ ಮಗಳ ಕೋರ್ಸಿನಲ್ಲಿ ಮುಂದಿನ ತಿಂಗಳು ‘ಸ್ಥಳದ ಇತಿಹಾಸ’ ಎಂಬ ಪಾಠ ಇದೆಯಂತೆ. ಕನ್ಹೇರಿಗೆ ಬಾ ಎಂದಿದ್ದೇನೆ. ನೀವೂ ಹೋಗುವುದಾದರೆ ಬೋರಿವಲಿ ಪೂರ್ವದ ಗೇಟಿನಿಂದ ಒಳಗೆ ಆರೇಳು ಕಿಲೋಮೀಟರ್, ನಡೆಯಲಾಗದವರಿಗೆ ಪಾರ್ಕಿನ ವಾಹನ ಸಿಗುತ್ತದೆ. ಸೋಮವಾರ ಬಂದ್. ಅಮೋಘವರ್ಷನ ಹೆಸರಿರುವ ಒಂದು ಶಾಸನ ದರ್ಬಾರ್ ಗುಹೆ ಎನ್ನುವ ದೊಡ್ಡ ಗುಹೆಯ ಜಗಲಿಯ ಮೇಲ್ಭಾಗದಲ್ಲಿದೆ, ತಲೆ ಎತ್ತಿ ನೋಡಬೇಕು. ತಿಂಡಿಯ ಚೀಲವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ, ಕೋತಿಗಳಿವೆ.